ಅಂಚು ಬಿಡದ ಬಣ್ಣಗಾರ

ಮಾವ ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ಬಣ್ಣ ಬಳಿದವರು. ಜನ ಬೆಳಗಾದರೆ ಕತ್ತು ಚಾಚಿ ನೋಡುವ ಬಸ್ಸಿನ ಹಣೆಯ ನಂಬರು ಅವರ ಕೈಯದ್ದು. ನೋಡಿದವರೆಲ್ಲ ಬಸ್ಸು ಹತ್ತಿ ಹೋದರೇ ಹೊರತು ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಅದಕ್ಕೆ ಅವರಿಗೆ ಬೇಸರವೂ ಇರಲಿಲ್ಲ. “ನಂಬರು ಚೆನ್ನಾಗಿದೆ ಅಂತ ನಿಂತು ನೋಡ್ತಿದ್ರೆ ಬಸ್ಸು ತಪ್ಪಿಹೋಗುತ್ತೆ, ಅಷ್ಟೆ,” ಎನ್ನುತ್ತಿದ್ದರು.

ನಿವೃತ್ತರಾದಾಗ ಕುಂಚವೂ ಅವರ ಬೆನ್ನಿಗೇ ಮನೆಗೆ ಬಂತು. ಏಣಿ ಮುಗಿಯಿತು, ಸ್ಟೂಲು ಮುಗಿಯಿತು, ಮೀಟರಿನ ಪೆಟ್ಟಿಗೆ, ಗೇಟಿನ ಚಿಲಕ, ಕೊನೆಗೆ ಮೊಮ್ಮಗಳ ಪುಟ್ಟ ಮಂಚ. “ನಾನಂತೂ ಒಂದು ಕಡೆ ಹೆಚ್ಚು ಹೊತ್ತು ನಿಲ್ಲಲ್ಲಮ್ಮ,” ಎಂದು ಅತ್ತೆ ಸೊಸೆಗೆ ಹೇಳಿದ್ದರು. “ನಿಂತ್ರೆ ನನಗೂ ಒಂದು ಕೋಟ್ ಹೊಡೆದುಬಿಡ್ತಾರೆ.”

ಬಣ್ಣ ಬಳಿಯುವವರು ಬೇಕಾದಷ್ಟು ಜನ ಇದ್ದಾರೆ. ಮಾವನ ಹೆಚ್ಚುಗಾರಿಕೆ ಇದ್ದದ್ದು ಅಂಚಿನಲ್ಲಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಡಿಪೋದ ಮೇಸ್ತ್ರಿ ಅವರ ಕಿವಿ ಹಿಂಡಿ, ತುಕ್ಕು ಹಿಡಿದ ಬಸ್ಸಿನ ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ ತೋರಿಸಿದ್ದನಂತೆ: ತುಕ್ಕು ಶುರುವಾಗುವುದು ತಗಡಿನ ನಡುವೆ ಅಲ್ಲ, ಬೋಲ್ಟಿನ ತೂತಿನ ಒಳಸುತ್ತಿನಲ್ಲಿ, ಕುಂಚ ಹೋಗದ ಕಡೆ. ಆವತ್ತಿನಿಂದ ಮಾವ ಯಾವ ತೂತನ್ನೂ ಹಾಗೇ ಬಿಟ್ಟವರಲ್ಲ. ಇಲಿಬಾಲದಂಥ ಸಣ್ಣ ಕುಂಚವನ್ನು ಒಳಗೆ ತೂರಿಸಿ, ಕಿವಿ ಚೊಕ್ಕ ಮಾಡುವವರ ಹಾಗೆ ಒಂದು ಸುತ್ತು ತಿರುಗಿಸಿದ ಮೇಲೆಯೇ ಅವರಿಗೆ ಸಮಾಧಾನ.

ಸೊಸೆಯದು ಪುಸ್ತಕದ ಪುಟ ಕಟ್ಟುವ ಕೆಲಸ. ಅಕ್ಷರ, ಚಿತ್ರ, ಪುಟಸಂಖ್ಯೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚಿಗೆ ಕಳಿಸಬೇಕು. ಮಗು ಹುಟ್ಟುವ ತನಕ ಮುದ್ರಣಾಲಯಕ್ಕೇ ಹೋಗಿ ಮಾಡುತ್ತಿದ್ದಳು. ಮಗುವಿಗೆ ಹನ್ನೊಂದು ತಿಂಗಳಾದಾಗ, ಮನೆಯಿಂದಲೇ ಮಾಡುತ್ತೇನೆಂದು ಮುದ್ರಣಾಲಯದ ಯಜಮಾನರನ್ನು ಕೇಳಿದಳು. ಅವರು ಒಪ್ಪಿದರು, ಆದರೆ ಒಂದು ಮಾತು: ಹಿಂದಿನ ರಾತ್ರಿ ತಿದ್ದುಪಡಿ ಹಾಕಿ ಕಳಿಸಿದ ಪುಟ, ಸರಿಪಡಿಸಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದಿರಬೇಕು. ಒಂಬತ್ತಕ್ಕೆ ಅಚ್ಚಿನ ಯಂತ್ರ ತಿರುಗಲು ಶುರು. ಅದು ಯಾರ ಮಗುವಿಗೂ ಕಾಯುವುದಿಲ್ಲ.

ಹಾಗೆ ಮನೆಯಲ್ಲಿ ಒಂದು ಕಂಪ್ಯೂಟರ್ ಎದ್ದು ನಿಂತಿತು. ಒಳಗಿನ ಸಾಮಾನೆಲ್ಲ ಹೊಸದು, ಹೊರಗಿನ ಪೆಟ್ಟಿಗೆ ಮಾತ್ರ ಮುದ್ರಣಾಲಯದ ಮೂಲೆಯಲ್ಲಿ ತುಕ್ಕು ತಿನ್ನುತ್ತ ಬಿದ್ದಿದ್ದದ್ದು. ಅದನ್ನು ಕಂಡದ್ದೇ ತಡ, ಮಾವನ ಕಣ್ಣು ಹೊಳೆಯಿತು. ಉಜ್ಜಿದರು, ತೊಳೆದರು, ಮಗುವಿನ ಮಂಚಕ್ಕೆ ಬಳಿದು ಉಳಿದಿದ್ದ ಗಿಳಿಹಸಿರನ್ನು ಎರಡು ಕೋಟ್ ಹೊಡೆದರು. ಒಂದು ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಚಾದರ ಹಾಸಿಕೊಂಡು ಮಾವ ಸೊಸೆ ಇಬ್ಬರೂ ಜೋಡಿಸಲು ಕೂತರು. ಸೊಸೆ ಕೈಪಿಡಿ ನೋಡಿಕೊಂಡು ಒಂದೊಂದನ್ನೇ ಓದಿ ಹೇಳುವುದು, ಮಾವ ಸ್ಕ್ರೂ ಬಿಗಿಯುವುದು. ಸಂಜೆ ಬಟನ್ ಒತ್ತಿದಾಗ ಒಳಗೆ ಫ್ಯಾನು ಮೆಲ್ಲಗೆ ಗುಂಯ್ ಎಂದಿತು. ಮಗು ಚಪ್ಪಾಳೆ ತಟ್ಟಿತು. “ಬಸ್ಸಿಗಿಂತ ಸದ್ದು ಕಡಿಮೆ,” ಎಂದು ಮಾವ ಮೆಚ್ಚಿಕೊಂಡರು.

ನಾಲ್ಕನೆಯ ದಿನ ಬೆಳಿಗ್ಗೆ ಅದು ಹೊತ್ತಲಿಲ್ಲ.

ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಕಲ್ಲು. ಪ್ಲಗ್ ಕಿತ್ತು ಹಾಕಿದಳು, ಗೋಡೆಯ ಸ್ವಿಚ್ ಆರಿಸಿ ಹಾಕಿದಳು. ಕೊನೆಗೆ ಮಾವ ಪೆಟ್ಟಿಗೆಯನ್ನು ಮೇಜಿಗೆ ಎತ್ತಿ, ಬದಿಯ ತಗಡು ಬಿಚ್ಚಿ, ಮೆಮೊರಿಯ ಪಟ್ಟಿಯನ್ನು ತೆಗೆದು ಒರೆಸಿ ಕೂರಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊತ್ತಿಕೊಂಡಿತು. ಓಹೋ, ಮೆಮೊರಿ ಎಂದುಕೊಂಡರು. ಮೂರು ದಿನ ಬಿಟ್ಟು ಮತ್ತೆ ಅದೇ ಪಾಡು. ಈ ಸಲ ಮೆಮೊರಿ ಮುಟ್ಟದೆ ಪವರಿನ ವೈರು ಬಿಗಿ ಮಾಡಿದರು. ಹೊತ್ತಿತು. ಓಹೋ, ವೈರು. ಮರುದಿನ ಅದೂ ಸುಳ್ಳಾಯಿತು. ಕೆಲವು ಸಲವಂತೂ ಫ್ಯಾನು ತಿರುಗಿ, ದೀಪ ಬಂದು, ಒಂದು ಎರಡು ಮೂರು ನಾಲ್ಕು ಎನ್ನುವಷ್ಟರಲ್ಲಿ ತಾನಾಗೇ ಆರಿಹೋಗುತ್ತಿತ್ತು.

“ಹೊಸದಲ್ವಾ, ಪಳಗಲಿ ಬಿಡು,” ಎಂದ ಗಂಡ. ನೀರಿನ ಪಂಪ್‌ಹೌಸಿನಲ್ಲಿ ಬೆಳಗಿನ ಪಾಳಿಯವನು, ಆರು ಗಂಟೆಗೇ ಹೊರಟುಬಿಡುವವನು.

“ನಿಮ್ಮ ಹಾಗೆ ಅದೂ ಪಳಗೋಕೆ ಐದು ವರ್ಷ ತಗೊಂಡ್ರೆ ಒಂಬತ್ತು ಗಂಟೆಗೆ ಪುಟ ಯಾರು ಕಳಿಸ್ತಾರೆ?” ಎಂದಳು ಇವಳು.

ಮಗುವಿಗೆಂದು ಅವಳು ಒಂದು ನೋಟ್‌ಬುಕ್ ಇಟ್ಟಿದ್ದಳು. ಎಷ್ಟು ಹೊತ್ತಿಗೆ ಹಾಲು, ಎಷ್ಟು ಹೊತ್ತು ನಿದ್ದೆ, ಹೊಟ್ಟೆ ಸರಿಯಿತ್ತೇ ಇಲ್ಲವೇ ಎಂದು ದಿನಕ್ಕೊಂದು ಸಾಲು. ಅದರ ಪಕ್ಕಕ್ಕೆ ಗೆರೆ ಎಳೆದು ‘ಪೆಟ್ಟಿಗೆ’ ಎಂದು ಇನ್ನೊಂದು ಅಂಕಣ ಮಾಡಿದಳು. ‘8.40, ಸತ್ತಿದೆ. ಮೇಜಿಗೆ ಎತ್ತಿ ಬಿಚ್ಚಿದ ಮೇಲೆ ಹೊತ್ತಿತು.’ ‘8.35, ನಾಲ್ಕು ಎಣಿಸುವಷ್ಟರಲ್ಲಿ ಆರಿತು. ಎರಡನೇ ಸಲ ಸರಿ.’ ಪಕ್ಕದಲ್ಲೇ ‘ಮೇಲಿನ ಹಲ್ಲು ಕಾಣುತ್ತಿದೆ.’

ಒಳಗಿನ ಸಾಮಾನು ಕೊಂಡಿದ್ದ ಅಂಗಡಿಗೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದಳು. ಅಂಗಡಿಯವನು ಎರಡು ದಿನ ಇಟ್ಟುಕೊಂಡು, ನಲವತ್ತು ಸಲ ಹಚ್ಚಿ ಆರಿಸಿ, “ಒಂದ್ಸಲಾನೂ ಕೈಕೊಡಲಿಲ್ಲ ಮೇಡಂ. ನಿಮ್ಮ ಮನೇಲೇ ಏನೋ ಇದೆ,” ಎಂದು ಕಳಿಸಿದ. ಮನೆಯಲ್ಲಿ ಹಠ ಹಿಡಿದು, ಡಾಕ್ಟರ ಮುಂದೆ ನಗುವ ಮಗುವಿನ ಕತೆ. ಮನೆಗೆ ತಂದ ಎರಡನೆಯ ಬೆಳಿಗ್ಗೆ ಮತ್ತೆ ಕಲ್ಲು. ಪುಟ ಹೋದದ್ದು ಹತ್ತೂಕಾಲಿಗೆ.

ಯಜಮಾನರ ಫೋನು ಬಂತು. ಅವರು ಕೂಗಾಡುವವರಲ್ಲ, ಅದೇ ಕಷ್ಟ. “ನೋಡಮ್ಮ, ಮೂರು ಸಲ ಆಯ್ತು. ಯಂತ್ರದ ಹುಡುಗರು ಕೈಕಟ್ಟಿ ಕೂತಿದ್ರು. ಇನ್ನೊಂದ್ಸಲ ತಡ ಆದ್ರೆ ಇಲ್ಲಿಗೇ ಬಂದು ಕೂತ್ಕೊಂಡುಬಿಡು. ನಿನ್ನ ಮೇಜು ಹಾಗೇ ಇದೆ.”

ಮಗು ಅವಳ ಕಾಲು ಹಿಡಿದುಕೊಂಡು ನಿಲ್ಲಲು ನೋಡುತ್ತಿತ್ತು. ಆ ಮೇಜಿನಿಂದ ಮನೆಗೆ ಎರಡು ಬಸ್ಸು. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಸಂಜೆ ಏಳು.

ಮಾವ ಎಲ್ಲವನ್ನೂ ಕೇಳಿಸಿಕೊಂಡರು. ಈಚೆಗೆ ಅವರು ಕಂಪ್ಯೂಟರಿನ ಹತ್ತಿರ ಬರುವುದನ್ನೇ ಕಡಿಮೆ ಮಾಡಿದ್ದರು. ಪೆಟ್ಟಿಗೆಯ ಮಾತು ಬಂದರೆ ಪೇಪರನ್ನು ಇನ್ನಷ್ಟು ಮುಖಕ್ಕೆ ಹಿಡಿಯುವರು.

ಆವತ್ತು ಮಧ್ಯಾಹ್ನ ಮಗು ಮಲಗಿದ ಮೇಲೆ ಅವಳು ನೋಟ್‌ಬುಕ್ ಬಿಡಿಸಿ ಕೂತಳು. ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದಳು. ಸತ್ತ ಪೆಟ್ಟಿಗೆ ಮತ್ತೆ ಹೊತ್ತಿದಾಗಲೆಲ್ಲ ಏನೋ ಒಂದನ್ನು ಎತ್ತಿದ್ದರು, ಕುಲುಕಿದ್ದರು, ಬಿಚ್ಚಿದ್ದರು. ಅಂಗಡಿಯಲ್ಲಿ ನಲವತ್ತು ಸಲಕ್ಕೆ ನಲವತ್ತು. ಹಾಗಾದರೆ ಅಂಗಡಿಯಲ್ಲಿ ಇಲ್ಲದ್ದು ಮನೆಯಲ್ಲಿ ಏನಿದೆ? ವೈರು ಅದೇ, ಪೆಟ್ಟಿಗೆ ಅದೇ. ಅಂಗಡಿಯವನಿಗೆ ಫೋನು ಮಾಡಿದಳು.

“ಒಂದು ವಿಷ್ಯ ಕೇಳ್ಬೇಕಿತ್ತು. ನೀವು ಅದನ್ನ ಹ್ಯಾಗೆ ಆನ್ ಮಾಡಿದ್ರಿ?”

“ಹ್ಯಾಗೆ ಅಂದ್ರೆ? ಬೋರ್ಡ್ ಮೇಲೆ ಎರಡು ಪಿನ್ ಇರುತ್ತಲ್ಲ, ಅದಕ್ಕೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದ್ರೆ ಆಯ್ತು.”

“ಮುಂದಿನ ಬಟನ್ ಒತ್ತಲಿಲ್ವಾ?”

“ಅಯ್ಯೋ, ಬಟನ್ ಯಾರು ಒತ್ತುತ್ತಾರೆ ಮೇಡಂ? ನಾವು ಯಾವ ಪೆಟ್ಟಿಗೆಗೂ ಒತ್ತಲ್ಲ. ಎಲ್ಲಾ ಬಿಚ್ಚೇ ಇರುತ್ತಲ್ಲ.”

ಅವಳು ಫೋನಿಟ್ಟು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಪ್ಲಗ್ ಕಿತ್ತು, ಬಟನ್ನನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಅದು ಟಕ್ ಎಂದು ಹೊರಗೆ ಬರಬೇಕಿತ್ತು. ಜೇನಿನಲ್ಲಿ ಅದ್ದಿದ ಬೆರಳಿನ ಹಾಗೆ ನಿಧಾನಕ್ಕೆ ಬಂತು. ಇನ್ನೊಮ್ಮೆ ಒತ್ತಿದಳು. ಈ ಸಲ ಬರಲೇ ಇಲ್ಲ, ಕೂದಲೆಳೆಯಷ್ಟು ಒಳಗೇ ಉಳಿಯಿತು. ಬಗ್ಗಿ ನೋಡಿದರೆ ಬಟನ್ನಿನ ಸುತ್ತ, ತೂತಿನ ಒಳಸುತ್ತಿನಲ್ಲಿ, ಬಟನ್ನಿನ ಮೈಗೂ ಸೇರಿದಂತೆ, ಗಿಳಿಹಸಿರು. ಎರಡು ಕೋಟ್. ಇಲಿಬಾಲದ ಕುಂಚ.

ಎಲ್ಲವೂ ಸಾಲಾಗಿ ಕೂತಿತು. ಬಟನ್ ಒಳಗೇ ಸಿಕ್ಕಿಕೊಂಡಿದ್ದರೆ ಎಷ್ಟು ಒತ್ತಿದರೂ ಅದು ಒತ್ತಿದ್ದೇ ಅಲ್ಲ. ಹೊತ್ತಿದ ಮೇಲೆ ಸಿಕ್ಕಿಕೊಂಡರೆ, ನಾಲ್ಕು ಸೆಕೆಂಡು ಒತ್ತಿ ಹಿಡಿದಂತಾಗಿ ತಾನಾಗೇ ಆರುತ್ತದೆ. ಹಾಗೆ ಹಿಡಿದರೆ ಆರುತ್ತದೆಂದು ಕೈಪಿಡಿಯಲ್ಲಿ ಅವಳೇ ಓದಿ ಹೇಳಿದ್ದಳು. ಮೇಜಿಗೆ ಎತ್ತಿ ಕುಕ್ಕಿದರೆ ಹೊರಗೆ ಹಾರುತ್ತದೆ. ಮೆಮೊರಿಯೂ ಇಲ್ಲ, ವೈರೂ ಇಲ್ಲ.

ಎದೆಯ ಮೇಲಿನ ಭಾರ ಇಳಿಯಿತು. ಮರುಗಳಿಗೆಯಲ್ಲೇ ಇನ್ನೊಂದು ಬಂದು ಕೂತಿತು: ಇದನ್ನು ಮಾವನಿಗೆ ಹೇಳುವುದು ಹೇಗೆ?

ಹೇಳಲಿಲ್ಲ. ತಲೆಯಿಂದ ಹೇರ್‌ಪಿನ್ ತೆಗೆದು ಬಟನ್ನನ್ನು ಮೀಟಿದಳು, ಹೊರಗೆ ಬಂತು. ಮರುದಿನ ಬೆಳಿಗ್ಗೆಯೂ ಹಾಗೇ ಮಾಡಿದಳು. ನೋಟ್‌ಬುಕ್ಕಿನಲ್ಲಿ ‘ಹೇರ್‌ಪಿನ್. ಹೊತ್ತಿತು. ಪುಟ 8.50ಕ್ಕೆ ಹೋಯಿತು’ ಎಂದು ಬರೆದಳು. ಹೀಗೆಯೇ ನಡೆದರೆ ಯಾರ ಮನಸ್ಸಿಗೂ ನೋವಿಲ್ಲ ಎಂದುಕೊಂಡಳು.

ಮೂರನೆಯ ದಿನ ಮಾವ ಮಗುವನ್ನು ಎತ್ತಿಕೊಂಡು ಮೇಜಿನ ಹತ್ತಿರ ಹಾದುಹೋದವರು ಗಕ್ಕನೆ ನಿಂತರು. ಬಣ್ಣಗಾರನ ಕಣ್ಣು. ಬಟನ್ನಿನ ಪಕ್ಕ ಎರಡು ಅಕ್ಕಿಕಾಳಿನಷ್ಟು ಉದ್ದದ ಗೀರು, ಪೆಟ್ಟಿಗೆಯ ಮೇಲೆ ಒಂದು ಹೇರ್‌ಪಿನ್.

“ಇದನ್ನ ಯಾರು ಕೆರೆದದ್ದು?”

“ಮಗು ಇರ್ಬೇಕು ಮಾವ.”

“ಮಗು ಹೇರ್‌ಪಿನ್ ಹಾಕ್ಕೊಳ್ಳುತ್ತಾ?”

ಅಡುಗೆಮನೆಯಿಂದ ಅತ್ತೆ ತಲೆ ಹೊರಗೆ ಹಾಕಿದರು. ಸುಳ್ಳು ಹೇಳಲು ಬಾರದವರು ಹೇಳಿದರೆ ಎಲ್ಲರಿಗೂ ಕೇಳಿಸುತ್ತದೆ. ಅವಳು ಮೆಲ್ಲಗೆ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದಳು. ಅಂಗಡಿಯವನ ಸ್ಕ್ರೂಡ್ರೈವರು, ನಾಲ್ಕು ಸೆಕೆಂಡು, ಬಣ್ಣ.

ಮಾವ ಮಗುವನ್ನು ಕೆಳಗಿಳಿಸಿದರು. ಬಟನ್ನನ್ನು ಒಮ್ಮೆ ಒತ್ತಿದರು, ಕಾದರು, ಇನ್ನೊಮ್ಮೆ ಒತ್ತಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

“ಇದು ಯಾವತ್ತು ಗೊತ್ತಾಯ್ತು ನಿನಗೆ?”

“ಮೊನ್ನೆ.”

“ಮೊನ್ನೆ. ಮೂರು ವಾರದಿಂದ ನಾನೇನು ಅಂದ್ಕೊಂಡಿದ್ದೆ ಗೊತ್ತಾ? ಸ್ಕ್ರೂ ಬಿಗಿ ಮಾಡೋವಾಗ ಕೈ ನಡುಗಿತ್ತು ನನಗೆ. ಒಳಗೆ ಏನೋ ಬಿರುಕು ಬಿಡಿಸಿದೀನಿ, ನಿನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ದೆ, ಈ ಕೂಸನ್ನ ತಾಯಿಂದ ಬಿಡಿಸ್ತಿದೀನಿ ಅಂತ. ಬಣ್ಣ ಅಂದಿದ್ರೆ ಆವತ್ತೇ ಚೆನ್ನಾಗಿ ನಿದ್ದೆ ಮಾಡ್ತಿದ್ನಲ್ಲೇ. ಬಣ್ಣ ಕೆರೆಯೋಕೆ ಬರಲ್ವಾ ನನಗೆ?”

ಸೊಸೆ ಹೇರ್‌ಪಿನ್ನನ್ನು ಎತ್ತಿ ತಲೆಗೆ ಸಿಕ್ಕಿಸಿಕೊಂಡಳು. ಅವರ ಮನಸ್ಸು ಉಳಿಸಲು ಹೋಗಿ ಅದಕ್ಕಿಂತ ದೊಡ್ಡ ನೋವಿನಲ್ಲಿ ಎರಡು ದಿನ ಹೆಚ್ಚಿಗೆ ಕೂರಿಸಿದ್ದಳು.

“ಡಿಪೋದಲ್ಲಿ ಒಂದ್ಸಲ ಬಸ್ಸಿನ ಬಾಗಿಲೇ ತೆರೀದ ಹಾಗೆ ಬಣ್ಣ ಹೊಡೆದಿದ್ರು ನಿಮ್ಮ ಮಾವ,” ಎಂದರು ಅತ್ತೆ, ಬಾಗಿಲಿಗೆ ಒರಗಿಕೊಂಡು. “ಡ್ರೈವರು ಕಿಟಕಿಯಿಂದ ಇಳಿದಿದ್ದ.”

“ಅವನು ದಪ್ಪ ಇದ್ದ. ಅದಕ್ಕೇ ಅದು ಸುದ್ದಿ ಆಯ್ತು,” ಎಂದರು ಮಾವ. ಮೂರು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಬ್ಲೇಡು, ಮರಳು ಕಾಗದ ಬಂದವು. ಮುಂದಿನ ತಗಡನ್ನು ಬಿಚ್ಚಿ, ಬಟನ್ ಹೊರಗೆ ತೆಗೆದು, ಬಣ್ಣವನ್ನು ಸಿಪ್ಪೆಯ ಹಾಗೆ ಎಬ್ಬಿಸಿದರು. ತೂತಿನ ಒಳಸುತ್ತನ್ನು ಕಾಗದ ಸುರುಳಿ ಮಾಡಿ ಉಜ್ಜಿದರು. ಕೊನೆಗೆ ಬಟನ್ನಿನ ಸುತ್ತ ಬರಿಯ ಲೋಹದ ಒಂದು ಬಳೆ ಹೊಳೆಯುತ್ತ ಉಳಿಯಿತು. ಮಾವ ಅದನ್ನು ತುಂಬ ಹೊತ್ತು ನೋಡಿದರು.

“ತುಕ್ಕು ಹಿಡಿಯುತ್ತೆ.”

“ಹಿಡೀಲಿ ಬಿಡಿ ಮಾವ.”

“ಹಿಡೀಲಿ ಅನ್ನೋಕೆ ನನಗೆ ಬರಲ್ಲಮ್ಮ.” ಎದ್ದು ಹೋಗಿ ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ ತಂದು, ಆ ಬಳೆಗೆ ತೆಳ್ಳಗೆ ತಿಕ್ಕಿದರು. ಒತ್ತಿದರೆ ಟಕ್, ಬಿಟ್ಟರೆ ಟಕ್. ಮಗು ಪುಟ್ಟ ಬೆರಳು ಚಾಚಿತು. “ನಿನ್ನ ಕೈ ಬೇಡಮ್ಮ ಈಗಲೇ,” ಎಂದು ಅವರು ಅದರ ಮುಷ್ಟಿಯನ್ನು ತಮ್ಮ ಕೈಯೊಳಗೆ ಮುಚ್ಚಿಟ್ಟುಕೊಂಡರು.

ಮರುದಿನ ಪುಟ ಎಂಟು ನಲವತ್ತಕ್ಕೆ ಹೋಯಿತು. ಅದರ ಮರುದಿನ ಎಂಟು ಮೂವತ್ತೈದಕ್ಕೆ. ತಿಂಗಳು ಕಳೆಯಿತು. ಯಜಮಾನರ ಫೋನು ಬರುವುದು ನಿಂತಿತು, ಅವಳ ಹಳೆಯ ಮೇಜಿನ ಮೇಲೆ ಈಗ ಕಾಗದದ ಬಂಡಲು ಇಟ್ಟಿದ್ದಾರೆಂದು ಯಾರೋ ಹೇಳಿದರು. ಮಗುವಿನ ಹಾಲು, ನಿದ್ದೆ ಒಂದು ಹದಕ್ಕೆ ಬಂದು, ಪೆಟ್ಟಿಗೆಯದೂ ಬರೆಯಲು ಏನೂ ಇಲ್ಲದೆ, ಅವಳು ನೋಟ್‌ಬುಕ್ ತೆರೆಯುವುದನ್ನೇ ಎಂದೋ ಬಿಟ್ಟಿದ್ದಳು.

ಮಗು ಮೊದಲ ಹೆಜ್ಜೆ ಇಟ್ಟ ದಿನ ನೋಟ್‌ಬುಕ್ ಬಿಡಿಸಿದರೆ, ‘ಪೆಟ್ಟಿಗೆ’ಯ ಅಂಕಣ ಖಾಲಿ ಇರಲಿಲ್ಲ. ಪ್ರತಿ ಸಾಲಿನಲ್ಲೂ ‘ಹೊತ್ತಿತು’, ‘ಹೊತ್ತಿತು’. ಸೋಮವಾರಗಳಲ್ಲಿ ‘ಹೊತ್ತಿತು, ಮೇಣ’. ಅಕ್ಷರ ದೂರದಿಂದಲೇ ಓದುವಷ್ಟು ನೆಟ್ಟಗೆ, ದುಂಡಗೆ, ಬಸ್ಸಿನ ಹಣೆಯ ಮೇಲಿನದರ ಹಾಗೆ. ಪಕ್ಕದ ಕೋಣೆಯಲ್ಲಿ ಮಾವ ಮೊಮ್ಮಗಳನ್ನು ಎರಡು ಕೈ ಹಿಡಿದು ನಡೆಸುತ್ತಿದ್ದರು. “ಗೋಡೆ ಅಂಚಿಗೆ ಬಾ, ಅಂಚಿಗೆ,” ಎನ್ನುತ್ತಿದ್ದರು.

ಅವಳು ಆ ದಿನದ ಸಾಲಿನಲ್ಲಿ ‘ಮೂರು ಹೆಜ್ಜೆ’ ಎಂದು ಬರೆದಳು. ಪಕ್ಕದ ಅಂಕಣವನ್ನು ಅವರಿಗೇ ಬಿಟ್ಟಳು.