ಬಸ್ ಸ್ಟಾಪುಗಳಲ್ಲಿ ಕಳೆದುಹೋದ ಸೆಕೆಂಡುಗಳು

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಚನ್ನಗಿರಿಯ ಜೂನಿಯರ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಅಮ್ಮ ನನ್ನ ಜೊತೆಗಿದ್ದಳು. ನಮ್ಮದು ಬಾಡಿಗೆ ಮನೆ, ಎದುರಿಗೇ ಒಂದು ಗ್ಯಾರೇಜು. ಬೊಂಬಾಯಿಯಲ್ಲಿ ಟೀವಿ ರಿಪೇರಿ ಮಾಡುತ್ತಿದ್ದ ಸೋದರಮಾವ ಒಂದು ಬೇಸಿಗೆಯಲ್ಲಿ ಬಂದಾಗ ಪಂಚೆಗಳ ನಡುವೆ ಸುತ್ತಿಟ್ಟುಕೊಂಡು ಒಂದು ಪುಟ್ಟ ಕಂಪ್ಯೂಟರ್ ತಂದುಕೊಟ್ಟಿದ್ದ. ಊಟದ ತಟ್ಟೆಗಿಂತ ಚಿಕ್ಕದು, ರಬ್ಬರಿನ ಗುಂಡಿಗಳು. ಟೀವಿಗೆ ಜೋಡಿಸಿದರೆ ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು. ಬರೆದ ಪ್ರೋಗ್ರಾಮನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಉಳಿಸಿಕೊಳ್ಳಬೇಕಾಗಿತ್ತು.

ಗ್ಯಾರೇಜಿನ ಭಾಯಿ ಒಂದು ಭಾನುವಾರ ನಮ್ಮ ವೋಲ್ಟೇಜ್ ಸ್ಟೆಬಿಲೈಜರ್ ಸರಿಮಾಡಲು ಬಂದಾಗ ಅದನ್ನು ನೋಡಿದರು. ನಾನು ಎಸೆದ ಚೆಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವ ಪ್ರೋಗ್ರಾಮು ಓಡಿಸುತ್ತಿದ್ದೆ. ಭಾಯಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಟೀವಿಯ ಹತ್ತಿರಕ್ಕೆ ಬಂದರು.

"ಟೀಚರಮ್ಮ, ಚೆಂಡಿನ ಬದ್ಲಿ ಕಾರು ಓಡಿಸಾಕೆ ಬರ್ತೈತೇನ್ರಿ ಇದ್ರಾಗೆ?"

ಅವರು ತಮಾಷೆಗೆ ಕೇಳಿರಲಿಲ್ಲ. ದಾವಣಗೆರೆಯ ಟೈರ್ ವ್ಯಾಪಾರಿಯೊಬ್ಬರು ಕಾರ್ ರ‍್ಯಾಲಿ ತಂಡ ಕಟ್ಟಿದ್ದರು. ಆ ತಂಡದ ಮೆಕ್ಯಾನಿಕ್ ಈ ಭಾಯಿ. ರೇಸಿನ ಹೊತ್ತಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು ಎಂಥದೆಂದು ಕೂಗಿ ಹೇಳುವವರೂ ಇವರೇ. ಡ್ರೈವರ್ ಸಂಬಳದ ಮೇಲಿದ್ದ, ಮೂವತ್ತೆಂಟರ ಆಸುಪಾಸಿನ, ಮಿತಮಾತಿನ ಮನುಷ್ಯ. ಆ ಸಲದ ರ‍್ಯಾಲಿ ನಮ್ಮ ಕಡೆಗೇ ಬಂದಿತ್ತು. ಜಗಳೂರು, ಚನ್ನಗಿರಿ, ಹೊನ್ನಾಳಿ ದಾಟಿ ನ್ಯಾಮತಿಯಲ್ಲಿ ಮುಗಿಯುವುದು. ನಡುವೆ ಮೂರು ಕಡೆ ರಸ್ತೆಗೆ ಬೇರೆ ಗಾಡಿ ಬಿಡದೆ, ಗಡಿಯಾರ ಹಿಡಿದು ಓಡಿಸುವುದು. ಆ ರಸ್ತೆಗಳನ್ನು ಮೊದಲೇ ಹೋಗಿ ನೋಡಬಹುದಿತ್ತು, ಆದರೆ ನಿಧಾನವಾಗಿ, ಒಂದೇ ಒಂದು ಸಲ.

"ಒಂದು ಸಲ ನೋಡಿದ್ರೆ ತಿರುವು ಕೂಗೋ ನಂಗೆ ಏನು ನೆನಪಿರ್ತೈತ್ರಿ? ಇದ್ರಾಗೆ ಆ ರಸ್ತೆ ಹಾಕಿಬಿಟ್ರೆ ಮನೇಲೆ ಕುಂತು ನೂರು ಸಲ ಓಡಿಸಬೌದಲ್ಲ" ಅಂದರು ಭಾಯಿ.

ನನಗೆ ಆ ವಾರವಿಡೀ ಬೇರೆ ಯೋಚನೆಯೇ ಬರಲಿಲ್ಲ. ನನ್ನ ಗಣಿತ ಅಲ್ಲಿಯವರೆಗೆ ಕಪ್ಪುಹಲಗೆ ಬಿಟ್ಟು ಆಚೆ ಹೋದದ್ದಿರಲಿಲ್ಲ.

ರಸ್ತೆ ನೋಡುವ ದಿನ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಮೈಲುಗೂಟದಿಂದ ಮೈಲುಗೂಟಕ್ಕೆ ನೇರ ಎಷ್ಟು, ತಿರುವು ಎಷ್ಟು ಬಿಗಿ, ಏರೋ ಇಳಿಜಾರೋ, ಡಾಂಬರೋ ಜಲ್ಲಿಯೋ, ಎಲ್ಲ ಬರೆದುಕೊಂಡೆ. ಕಾರು ಎಷ್ಟು ಬೇಗ ವೇಗ ಹಿಡಿಯುತ್ತದೆ, ಬ್ರೇಕ್ ಒತ್ತಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದನ್ನು ಊರಾಚೆಯ ನೇರ ರಸ್ತೆಯಲ್ಲಿ, ಕಾಲೇಜಿನ ಆಟದ ಕೋಣೆಯ ಸ್ಟಾಪ್‌ವಾಚಿನಿಂದ ಅಳೆದೆ. ಇಷ್ಟನ್ನೂ ಪ್ರೋಗ್ರಾಮಿಗೆ ಉಣಿಸಲು ಮೂರು ವಾರ ಹಿಡಿಯಿತು. ತೆರೆಯ ಮೇಲೆ ಕಾರೂ ಇಲ್ಲ, ಮರವೂ ಇಲ್ಲ, ಒಂದು ಗೆರೆಯ ಮೇಲೆ ಒಂದು ಚುಕ್ಕೆ ಸರಿಯುತ್ತಿತ್ತು, ಪಕ್ಕದಲ್ಲಿ ಸೆಕೆಂಡುಗಳು ಏರುತ್ತಿದ್ದವು. ಅಮ್ಮನಿಗೆ ಭಾನುವಾರದ ಧಾರಾವಾಹಿ ತಪ್ಪಿದ್ದಕ್ಕೆ ಸಿಟ್ಟು. "ಆ ಚುಕ್ಕಿಗೆ ಒಂದು ಮುಖನಾದ್ರೂ ಬರಿಯೇ" ಎಂದು ಗೊಣಗುತ್ತಿದ್ದಳು.

ಮೊದಲ ಉಪಯೋಗ ಬೇಗನೇ ಆಯಿತು. ತಂಡದ ಯಜಮಾನರಿಗೆ ಕಾರಿನ ಹಿಂದಿನ ಹಲ್ಲುಚಕ್ರ ಬದಲಿಸಿ ಹೆಚ್ಚಿನ ವೇಗ ಬರುವಂಥದ್ದು ಹಾಕಿಸುವ ಆಸೆ. ನಾನು ಎರಡು ಬಗೆಯ ಚಕ್ರಕ್ಕೂ ಚುಕ್ಕೆಯನ್ನು ಓಡಿಸಿ ನೋಡಿದೆ. ಹೊನ್ನಾಳಿಯಿಂದ ನ್ಯಾಮತಿಯವರೆಗೆ ಅಷ್ಟು ವೇಗ ಹಿಡಿಯುವಷ್ಟು ನೇರ ರಸ್ತೆ ಒಂದು ಕಡೆಯೂ ಇರಲಿಲ್ಲ. ತಿರುವಿನಿಂದ ಬೇಗ ಎದ್ದು ಹೊರಡುವ ಹಳೆಯ ಚಕ್ರವೇ ಮುಂದಿತ್ತು. ಯಜಮಾನರು ಟೀವಿಯ ಮುಂದೆ ಕೂತು, ಕನ್ನಡಕ ಒರೆಸಿ, ಮತ್ತೊಮ್ಮೆ ಓಡಿಸಿರಿ ಅಂದರು, ಮತ್ತೊಮ್ಮೆ ಅಂದರು. ಆಮೇಲೆ ಎದ್ದು ಹೋದರು. ಹೊಸ ಚಕ್ರ ಬರಲಿಲ್ಲ.

ಆದರೆ ನನ್ನ ಚುಕ್ಕೆ ಸುಳ್ಳು ಹೇಳುತ್ತಿಲ್ಲವೆಂದು ಹೇಗೆ ನಂಬುವುದು? ರ‍್ಯಾಲಿಯ ರಸ್ತೆಗೆ ಮತ್ತೆ ಹೋಗುವಂತಿರಲಿಲ್ಲ. ಅದಕ್ಕೆ ಬಸವಾಪಟ್ಟಣದ ಕಡೆಯ ರಸ್ತೆಯನ್ನೂ ಕಂಪ್ಯೂಟರಿಗೆ ಹಾಕಿದೆ. ಒಂದು ಮುಂಜಾನೆ ಅನುಮತಿ ಪಡೆದು, ಎರಡೂ ಕಡೆ ಕೆಂಪು ಬಾವುಟ ಹಿಡಿದು ಜನ ನಿಂತ ಮೇಲೆ, ಡ್ರೈವರಣ್ಣ ನಿಜವಾದ ಕಾರನ್ನು ಓಡಿಸಿದ. ಪ್ರತಿ ಗೂಟದ ಹತ್ತಿರವೂ ಭಾಯಿ ಸಮಯ ಬರೆದುಕೊಂಡರು. ಗುರಿ ತಲುಪಿದಾಗ ಕಂಪ್ಯೂಟರ್ ಹೇಳಿದ್ದಕ್ಕಿಂತ ನಲವತ್ತು ಸೆಕೆಂಡು ತಡವಾಗಿತ್ತು.

ನನ್ನ ಮುಖ ಸಪ್ಪಗಾಯಿತು. "ನನ್ನ ಲೆಕ್ಕನೇ ತಪ್ಪಿರಬೇಕು" ಅಂದೆ.

"ಇಲ್ರಿ ಮೇಡಂ, ನಾನೇ ನಿಧಾನ ಓಡಿಸಿರಬೇಕು" ಅಂದ ಡ್ರೈವರಣ್ಣ. "ಆದ್ರೆ ಎಲ್ಲಿ ಅಂತ ನಂಗೂ ಗೊತ್ತಿಲ್ಲ. ಕಾಲು ತೆಗ್ದಿದ್ದು ನೆನಪೇ ಇಲ್ಲ."

ಮನೆಗೆ ಬಂದು ಭಾಯಿಯ ಪಟ್ಟಿಯನ್ನು ನನ್ನ ಪಟ್ಟಿಯ ಪಕ್ಕಕ್ಕಿಟ್ಟೆ. ಭಾಯಿ ಕಲಿತದ್ದು ಉರ್ದು ಶಾಲೆಯಲ್ಲಿ, ಬರೆದದ್ದು ಬಲದಿಂದ ಎಡಕ್ಕೆ. ಅವರು ಓದಿ ಹೇಳಿದರು, ನಾನು ಬರೆದುಕೊಂಡೆ. ಬಹುತೇಕ ಎಲ್ಲ ಗೂಟಗಳಲ್ಲೂ ಲೆಕ್ಕ ಸೆಕೆಂಡಿಗೆ ಸೆಕೆಂಡು ಕೂಡುತ್ತಿತ್ತು. ಐದು ಕಡೆ ಮಾತ್ರ ಏಳೆಂಟು ಸೆಕೆಂಡು ಮಾಯ. ಆ ಐದೂ ಕಡೆ ತಿರುವೂ ಇಲ್ಲ, ಗುಂಡಿಯೂ ಇಲ್ಲ.

ಆ ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ, ಆ ಜಾಗಗಳನ್ನು ಕಣ್ಣಾರೆ ನೋಡಿಬರೋಣವೆಂದು ಬಸವಾಪಟ್ಟಣದ ಬಸ್ ಹತ್ತಿದೆ. ಕಿಟಕಿಯ ಪಕ್ಕ ಕೂತು ಮಡಿಲಲ್ಲಿ ನೋಟ್‌ಬುಕ್ ತೆರೆದಿಟ್ಟುಕೊಂಡೆ. ಸೆಕೆಂಡು ಮಾಯವಾಗಿದ್ದ ಐದರಲ್ಲಿ ಮೊದಲ ಗೂಟ ಬಂತು, ಬಸ್ ನಿಂತಿತು, ಇಬ್ಬರು ಇಳಿದರು. ಎರಡನೆಯದು ಬಂತು, ಬಸ್ ನಿಂತಿತು, ಅಡಿಕೆ ಚೀಲ ಹೊತ್ತವನೊಬ್ಬ ಹತ್ತಿದ. ಮೂರನೆಯದಕ್ಕೂ ಬಸ್ ನಿಂತಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

"ಯಾಕ್ರಿ ಅಕ್ಕಾರೆ, ಏನಾತು?" ಅಂದ ಕಂಡಕ್ಟರ್.

"ಏನಿಲ್ಲ, ಇಲ್ಲಿ ದಿನಾ ನಿಲ್ಲಿಸ್ತೀರಾ?"

"ಸ್ಟಾಪ್ ಐತಲ್ರಿ! ನಿಲ್ಲಿಸ್ದೆ ಇದ್ರೆ ಜನ ಬಿಡ್ತಾರಾ?"

ಡ್ರೈವರಣ್ಣ ರೇಸಿಗೆ ಬರುವ ಮುಂಚೆ ಹನ್ನೆರಡು ವರ್ಷ ಇದೇ ಕಡೆ ಬಸ್ ಓಡಿಸಿದ್ದ. ಚನ್ನಗಿರಿಯಿಂದ ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿ ಎಲ್ಲ ಅವನ ರೂಟೇ. ಅವನಿಗೆ ಗೊತ್ತಿಲ್ಲದಂತೆ ಅವನ ಕಾಲು ಸ್ಟಾಪ್ ಬಂದ ಕೂಡಲೇ ಬ್ರೇಕಿನ ಕಡೆ ಹೋಗುತ್ತಿತ್ತು.

ಸಂಜೆ ಗ್ಯಾರೇಜಿಗೆ ಹೋಗಿ ಹೇಳಿದಾಗ ಭಾಯಿ ನಕ್ಕು ನಕ್ಕು ಟೈರಿನ ಮೇಲೆ ಕುಸಿದು ಕೂತರು. ಡ್ರೈವರಣ್ಣ ಮಾತ್ರ ತನ್ನ ಬಲಗಾಲನ್ನೇ ನೋಡಿಕೊಳ್ಳುತ್ತ ನಿಂತ. "ಹನ್ನೆರಡು ವರ್ಷದ್ದು ಮೇಡಂ. ಹೆಂಗೆ ಬಿಡಿಸೋದು ಇದ್ನ?"

ಮುಂದಿನ ವಾರ ಮತ್ತೆ ಅದೇ ರಸ್ತೆಯಲ್ಲಿ ಓಡಿಸಿದಾಗ ಭಾಯಿ ಪ್ರತಿ ಸ್ಟಾಪಿನಲ್ಲೂ "ಬ್ರೇಕ್ ಬ್ಯಾಡ, ಬ್ರೇಕ್ ಬ್ಯಾಡ" ಎಂದು ಕೂಗಿದರು. ಬ್ರೇಕ್ ಎನ್ನುವ ಮಾತು ಕೇಳಿದ್ದೇ ಅವನು ಇನ್ನಷ್ಟು ಜೋರಾಗಿ ಒತ್ತಿದ. ನಲವತ್ತು ಸೆಕೆಂಡು ಐವತ್ತಾಯಿತು. ವಾಪಸು ಬರುವಾಗ, ಚನ್ನಗಿರಿಯ ಹತ್ತಿರ, ಡ್ರೈವರಣ್ಣನೇ ಒಂದು ಉಪಾಯ ಹೇಳಿದ.

"ಭಾಯಿ, ನೀನು ಕಂಡಕ್ಟರ್ ಆಗಿಬಿಡು. ಸ್ಟಾಪ್ ಬಂದ ತಕ್ಷಣ ರೈಟ್ ರೈಟ್ ಅನ್ನು. ರೈಟ್ ಅಂದ್ರೆ ಹೋಗೋದೊಂದೇ ಗೊತ್ತಿರೋದು ನಂಗೆ."

ಅಲ್ಲೇ ಕಾರು ತಿರುಗಿಸಿ ಇನ್ನೊಂದು ಸಲ ಓಡಿಸಿದರು. ಈ ಸಲ ಕಂಪ್ಯೂಟರಿನ ಲೆಕ್ಕಕ್ಕೂ ಅವನ ಓಟಕ್ಕೂ ಐದೇ ಸೆಕೆಂಡು ಅಂತರ. ಆ ಮಧ್ಯಾಹ್ನ ನಾನು ಹೊನ್ನಾಳಿ ರಸ್ತೆಯ ತಿರುವುಗಳನ್ನೆಲ್ಲ ಓದುತ್ತ ಹೋದೆ, ಭಾಯಿ ಉರ್ದುವಿನಲ್ಲಿ ಬರೆದುಕೊಂಡರು. ಡ್ರೈವರಣ್ಣನನ್ನು ಕೇಳಿ, ಬಸ್ ಸ್ಟಾಪ್ ಇದ್ದಲ್ಲೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಅಮ್ಮ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟಳು.

ರ‍್ಯಾಲಿಯ ದಿನ ಜಗಳೂರಿನಲ್ಲಿ ನಮಗೆ ಹಿನ್ನಡೆಯಾಯಿತು. ರೈತರು ಗಾಡಿಗಳ ಚಕ್ರದಡಿ ಕಾಳು ಉದುರಲಿ ಎಂದು ರಸ್ತೆಗೆ ಹುರುಳಿ ಹರಡುವ ಕಾಲ ಅದು. ರಸ್ತೆ ನೋಡಲು ಹೋದಾಗ ಇಲ್ಲದ ಹುರುಳಿ ಆವತ್ತು ಮೊಳಕಾಲೆತ್ತರ ಬಿದ್ದಿತ್ತು. ಅದನ್ನು ತೆಗೆಸಲು ಯಾರಿಗೂ ಹೊಳೆದಿರಲಿಲ್ಲ. ಹುರುಳಿ ನನ್ನ ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಕಾರು ಅದರ ಮೇಲೆ ಜಾರುತ್ತ, ಬಳ್ಳಿಗಳನ್ನು ಎಳೆದುಕೊಂಡು ಬಂದು ನಿಂತಾಗ ಚಿಕ್ಕ ಕಾರುಗಳ ಗುಂಪಿನಲ್ಲಿ ನಾವು ಒಂಬತ್ತನೆಯವರು. ಹೊಲದ ಮುದುಕಿಯೊಬ್ಬಳಿಗೆ ಮಾತ್ರ ಬಹಳ ಸಂತೋಷವಾಗಿತ್ತು. "ಇಷ್ಟು ಲಗೂನ ಯಾವತ್ತೂ ಒಕ್ಕಣೆ ಆಗಿದ್ದಿಲ್ಲ, ನಾಳೆನೂ ಬರ್ರಪ್ಪಾ" ಎಂದಳಂತೆ.

ಚನ್ನಗಿರಿಯ ಓಟದಲ್ಲಿ ಒಂಬತ್ತರಿಂದ ಆರಕ್ಕೆ ಬಂದರು. ಕೊನೆಯದು ಹೊನ್ನಾಳಿಯಿಂದ ನ್ಯಾಮತಿಗೆ. ನಾನೂ ಯಜಮಾನರೂ ನ್ಯಾಮತಿಯ ಗೆರೆಯ ಹತ್ತಿರ ನಿಂತಿದ್ದೆವು. ನನ್ನ ಕೈಯಲ್ಲಿ ಕಂಪ್ಯೂಟರ್ ಹೇಳಿದ ಸಮಯ ಬರೆದ ಚೀಟಿ. ದೂರದಲ್ಲಿ ಧೂಳು ಕಂಡಿತು, ಆಮೇಲೆ ಇಂಜಿನ್ನಿನ ಸದ್ದು. ಊರ ಅಂಚಿನ ಬಸ್ ಸ್ಟಾಪಿನ ನೆರಳಲ್ಲಿ ಜನ ತುಂಬಿ ನಿಂತಿದ್ದರು. ಅಷ್ಟು ಜನ ಕಂಡರೆ ಅವನ ಕಾಲು ಬ್ರೇಕಿಗೆ ಹೋಗದೆ ಇದ್ದೀತೆ? ಆದರೆ ಕಾರು ಸ್ವಲ್ಪವೂ ತಗ್ಗಲಿಲ್ಲ. ತೆರೆದ ಕಿಟಕಿಯಿಂದ ಭಾಯಿಯ ಕೂಗು ನಮ್ಮವರೆಗೂ ಕೇಳಿಸಿತು, "ರೈಟ್ ರೈಟ್ ರೈಟ್!" ಕೂಗು ಕೇಳಿದ ಅಲ್ಲಿನ ಜನ ನಗುತ್ತ ತಾವೂ "ರೈಟ್!" ಅಂದರು.

ಗೆರೆ ದಾಟಿದಾಗ ಚೀಟಿಯ ಸಮಯಕ್ಕಿಂತ ಮೂರು ಸೆಕೆಂಡು ಬೇಗ. ನನ್ನ ಚುಕ್ಕೆಯನ್ನೇ ಅವನು ಹಿಂದೆ ಹಾಕಿದ್ದ. ಯಜಮಾನರು ನನ್ನ ಕೈಕುಲುಕಬಹುದೋ ಬಾರದೋ ಎಂದು ಗೊಂದಲಪಟ್ಟು, ಕೊನೆಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಚಿಕ್ಕ ಕಾರುಗಳ ಗುಂಪಿನಲ್ಲಿ ನಮಗೆ ಎರಡನೇ ಸ್ಥಾನ ಬಂತು. ಮೊದಲ ಸ್ಥಾನದವರಿಗೂ ನಮಗೂ ಇದ್ದ ಅಂತರ ಬರೀ ಏಳು ಸೆಕೆಂಡು.

ಫಲಿತಾಂಶ ಕೂಗಿದ ಕೂಡಲೇ ಡ್ರೈವರಣ್ಣ, ಧೂಳಿನ ಮುಖವನ್ನೂ ಒರೆಸಿಕೊಳ್ಳದೆ ನೇರ ನನ್ನ ಹತ್ತಿರ ಬಂದ. ಬಹುಮಾನದ ಕಪ್ಪಿನ ಕಡೆ ನೋಡಲೂ ಇಲ್ಲ.

"ಮೇಡಂ, ಆ ಏಳು ಸೆಕೆಂಡು ಎಲ್ಲಿ ಹೋದ್ವು ಅಂತ ಹುಡುಕಾಕೆ ಬರ್ತೈತೇನ್ರಿ? ನಾಳೆ ಭಾನುವಾರ, ರಜಾ ಐತಲ್ಲ ನಿಮ್ಗೆ."

ಮಾರನೇ ದಿನ ಬೆಳಿಗ್ಗೆ ಧಾರಾವಾಹಿ ಮುಗಿಯುವವರೆಗೆ ಅವನೂ ಭಾಯಿಯೂ ಅಮ್ಮನ ಪಕ್ಕ ಚಾಪೆಯ ಮೇಲೆ ಕೂತು ಕಾದರು.