ಬಾಯಿ ಹಾಕಿಸಿದ ಚಾಕು

ಅಲಗಿನ ಬುಡದಲ್ಲಿ, ಅರ್ಧ ಉಗುರಿನಷ್ಟು ಜಾಗದಲ್ಲಿ, ಒಂದು ಮೀನಿನ ಗುರುತು ಒತ್ತಿದ್ದರು. ಬಾಲದ ಕಡೆ ಸವೆದಿತ್ತು. ಕಣ್ಣಿನ ಚುಕ್ಕಿ ಮಾತ್ರ ಸ್ಪಷ್ಟವಾಗಿತ್ತು. ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿದೆ. ಮೀನೇ.

ಕಂಪ್ಲಿಯಲ್ಲಿ, ನಮ್ಮ ತಾಯಿಯ ದೊಡ್ಡಮ್ಮನ ಪಡಸಾಲೆಯಲ್ಲಿ ಕೂತಿದ್ದೆ. ಅವರನ್ನು ನಾನು ಅಜ್ಜಿ ಎನ್ನುತ್ತೇನೆ. ಚಾಕು ಅವರ ಗಂಡನದು. ಬಾಳೆತೋಟದಲ್ಲಿ ಎಲೆ ಕೊಯ್ಯಲು ಅಜ್ಜ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದ ದೊಡ್ಡ ಮಡಚುವ ಚಾಕು. ಮಡಚಿದರೂ ನನ್ನ ಅಂಗೈಗಿಂತ ಉದ್ದ, ಕೊಂಬಿನ ಹಿಡಿ. ಮದುವೆಯಾದ ಆರನೆಯ ವರ್ಷಕ್ಕೆ ಅಜ್ಜ ತೀರಿಕೊಂಡರು. ಒಂದು ಫೋಟೊ ಕೂಡ ತೆಗೆಸಿಕೊಂಡಿರಲಿಲ್ಲ. ಹಾಗಾಗಿ ಬೇರೆ ಮನೆಗಳಲ್ಲಿ ಫೋಟೊ ಇರುವಂತೆ ಇಲ್ಲಿ, ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ, ಈ ಚಾಕು ಇತ್ತು. ಹಿಡಿಗೆ ದಿನಾ ವಿಭೂತಿ.

ನಾನು ಇಂಥ ಚಾಕುಗಳನ್ನು ಕೂಡಿಸುತ್ತೇನೆ. ಮೊದಲನೆಯದು ಹಂಪಿಯ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿತ್ತು. ಸಂಡೂರಿನಿಂದ ಎರಡು ಬಂದವು. ಕಾಲೇಜಿಗೆಂದು ಹೊಸಪೇಟೆಯಲ್ಲಿ ಹಿಡಿದಿರುವ ನನ್ನ ಕೋಣೆಯಲ್ಲಿ ಈಗ ಹದಿನಾಲ್ಕಿವೆ. ಅಲಗಿನ ಗುರುತು, ಮೊಳೆಯ ಲೋಹ, ಹಿಡಿಯ ವಸ್ತು ನೋಡಿ ಯಾವ ಕಾಲದ್ದೆಂದು ಅಂದಾಜು ಮಾಡಿ ಬರೆದಿಡುತ್ತೇನೆ. ಇದನ್ನು ಹೆಚ್ಚು ಜನರಿಗೆ ಹೇಳಿಲ್ಲ.

"ಹೆಣ್ಮಕ್ಳು ಸೀರಿ ಕೂಡಸ್ತಾರ. ನೀ ಯಾರ ಕುತ್ತಿಗಿಗೆ ಅಂತ ಇವನ್ನ ಕೂಡಸ್ತಿ?" ಎಂದಿದ್ದರು ಅಜ್ಜಿ. ಆಮೇಲೆ ಗೂಡಿನಿಂದ ಚಾಕು ತಂದು ನನ್ನ ಮುಂದೆ ನೆಲದ ಮೇಲಿಟ್ಟರು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮಲ್ಲಿ ಚಾಕು ಹಾಗೆ ಕೊಡುವುದಿಲ್ಲ.

"ಅವ್ರು ಹೋದಮ್ಯಾಲೆ ನಾನೂ ಇದ್ರಾಗ ಭಾಳ ವರ್ಷ ಎಲಿ ಕೊಯ್ದೀನಿ. ಎಲ್ಡು ಸಲ ಬಾಯಿ ಹಾಕ್ಸೀನಿ. ಎಷ್ಟು ಹಳೀದು ನೋಡವ್ವಾ."

ಬಾಯಿ ಹಾಕಿಸುವುದೆಂದರೆ ಸಾಣೆ ಹಿಡಿಸುವುದು ಎಂದುಕೊಂಡೆ.

ಮೀನಿನ ಗುರುತು ನನಗೆ ಗೊತ್ತಿತ್ತು. ಅದನ್ನು ಒತ್ತುವ ಕಾರ್ಖಾನೆ ಶುರುವಾದದ್ದೇ ಅಜ್ಜ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಸುಮ್ಮನಿರಬಹುದಿತ್ತು. ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಡಬೇಕೆಂಬ ನನ್ನ ಹಟ ಬಿಡಲಿಲ್ಲ.

"ಅಜ್ಜಿ, ಇದು ಅಜ್ಜನ ಕಾಲದ್ದಲ್ಲ. ಆಮ್ಯಾಲಿಂದು."

"ಅವ್ರ ಕೈಯಾಗ ನೋಡೀನಲ್ಲಬೇ."

"ಅದು ಬ್ಯಾರೆ ಇದ್ದೀತು. ಎಲ್ಲೋ ಅದಲುಬದಲು ಆಗಿರ್ಬೇಕು."

ಅಜ್ಜಿ ಚಾಕನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಈಳಿಗೆಯ ಪಕ್ಕ ಇಟ್ಟರು. "ಹಂಗಾದ್ರ ಬದ್ನಿಕಾಯಿ ಹೆಚ್ಚಾಕ ಆತು ಬಿಡು," ಎಂದರು. ಗೂಡಿನಲ್ಲಿ ಉದುರಿದ ವಿಭೂತಿಯ ನಡುವೆ ಚಾಕಿನಷ್ಟೇ ಉದ್ದದ ಖಾಲಿ ಜಾಗ ಉಳಿದಿತ್ತು.

ಸಂಜೆ ಹೊಸಪೇಟೆಗೆ ಮರಳಿ, ಸಂಡೂರಿನಿಂದ ಬಂದ ಮೊಂಡು ಚಾಕೊಂದನ್ನು ಕುಲುಮೆಗೆ ಒಯ್ದೆ. ಅಜ್ಜಿಯ ಮಾತು ನಾಲಿಗೆಯಲ್ಲಿತ್ತು. "ಇದಕ್ಕ ಬಾಯಿ ಹಾಕಿಕೊಡ್ರಿ," ಎಂದೆ.

ಕುಲುಮೆಯ ಹಿರಿಯರು ಚಾಕು ಬಿಚ್ಚಿ ನೋಡಿದರು, ನನ್ನನ್ನೂ ನೋಡಿದರು. "ಯಾಕವ್ವಾ, ಅಲಗು ಚಲೋ ಐತಲ್ಲ. ಸಾಣಿ ಹಿಡದ್ರ ಸಾಕು. ಬಾಯಿ ಹಾಕೋದಂದ್ರ ಹಳೀ ಅಲಗು ತಗದು ಬ್ಯಾರೆ ಅಲಗು ಕುಂದ್ರಸೋದು. ಕಾಲೇಜಿನ್ಯಾಗ ಇದನ್ನೊಂದು ಬಿಟ್ಟು ಎಲ್ಲಾ ಹೇಳಿಕೊಡ್ತಾರೇನು?"

ಅಲ್ಲೇ ನಿಂತು, ಕಂಪ್ಲಿಯಲ್ಲಿ ಫೋನಿನಿಂದ ತೆಗೆದಿದ್ದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಹಿಡಿಯ ಎರಡು ಮೊಳೆಗಳು ಹಿತ್ತಾಳೆಯವು, ಕೊಂಬಿನ ಜೊತೆಗೇ ಸವೆದು ನುಣುಪಾಗಿದ್ದವು. ಅಲಗು ತಿರುಗುವ ಮೊಳೆ ಮಾತ್ರ ಕಬ್ಬಿಣದ್ದು. ಅದರ ತಲೆಯ ಮೇಲೆ ಸುತ್ತಿಗೆಯ ಪೆಟ್ಟು ಕಾಣುತ್ತಿತ್ತು. ಮೀನು ನೋಡಿದ ಮೇಲೆ ನಾನು ಮೊಳೆ ನೋಡಿರಲೇ ಇಲ್ಲ. ಹಿಡಿ ಅಜ್ಜನದೇ. ಅಲಗು ಅಜ್ಜಿ ಹಾಕಿಸಿದ್ದು. ನಾನು ಚಾಕು ಮುಟ್ಟುವ ಮೊದಲೇ ಅವರು ಹೇಳಿದ್ದರು.

ಫೋನಿನಲ್ಲಿ ಮುಗಿಸುವ ಮಾತಾಗಿರಲಿಲ್ಲ ಅದು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಂಪ್ಲಿಗೆ ಹೋದೆ.

"ಏನ್ ಮರ್ತು ಹೋಗಿದ್ದೆ?" ಎಂದರು ಅಜ್ಜಿ.

"ನಿನ್ನಿ ನಾ ಹೇಳಿದ್ದು ತಪ್ಪು. ಹಿಡಿ ಅಜ್ಜಂದ. ಅಲಗಷ್ಟ ನೀ ಹಾಕ್ಸಿದ್ದು."

"ಅದನ್ನ ನಾನ ಹೇಳಿದ್ನಲ್ಲಬೇ."

"ಹೂಂ. ಹೇಳಿದ್ದಿ."

ಅಡುಗೆಮನೆಗೆ ಹೋದೆ. ಅಲಗಿಗೆ ಬದನೆಕಾಯಿಯ ಕಪ್ಪು ಹಿಡಿದಿತ್ತು. ತೊಳೆದೆ. ಮೊಳೆಯ ಸಂದಿನಲ್ಲಿ ನೀರು ಉಳಿಯದಂತೆ ಒರೆಸಿ, ಮಡಚಿ, ತಂದು ಅಜ್ಜಿಯ ಮುಂದೆ ನೆಲದ ಮೇಲಿಟ್ಟೆ.