ಪ್ಲಗ್ ಹಿಡಿದು ನಿಂತ ಮೇಡಂ

ಆಸ್ಪತ್ರೆಯ ಮೇಡಂ ಅವರ ಕೊರಳಲ್ಲಿ ಕರಿದಾರ ಕಟ್ಟಿದ ಕನ್ನಡಕ ಜೋತಾಡುತ್ತಿತ್ತು. ಅದನ್ನವರು ಕಣ್ಣಿಗೇರಿಸಿದರೆಂದರೆ ಇವತ್ತೇನು ಹೇಳುತ್ತಾರೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ನಮ್ಮ ರಾಯದುರ್ಗದ ತುಂಬ ಜೀನ್ಸ್ ಹೊಲಿಯುವ ಶೆಡ್ಡುಗಳಿದ್ದ ಕಾಲ. ನಾನು ಹೊಲಿಗೆಗೆ, ನಮ್ಮ ಮನೆಯವರು ಕಟಿಂಗ್ ಮಾಸ್ಟರು. ಪೇರಿಸಿದ ಬಟ್ಟೆಯನ್ನು ಕರೆಂಟಿನ ಕತ್ತಿಗೆ ಒಡ್ಡಿ ಕೊಯ್ಯುವ ಕೆಲಸ. ಗುಮ್ಮಘಟ್ಟದ ದಾರಿಯಲ್ಲಿ ಆಟೊ ಉರುಳಿ ಅವರ ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಮಾತು ಬಂತು, ಗಮನ ಮಾತ್ರ ನಿಲ್ಲದು. ತುತ್ತು ಕೈಯಲ್ಲಿ ಹಿಡಿದು ಬೀದಿಯ ಹಾರನ್ ಕೇಳುತ್ತ ಕೂತುಬಿಡುತ್ತಿದ್ದರು. ಮತ್ತೆ ಕತ್ತಿಯ ಮುಂದೆ ನಿಲ್ಲಬಹುದೋ ಇಲ್ಲವೋ, ಹೇಳಬೇಕಾದವರು ಬಳ್ಳಾರಿ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟಾದವರ ಗಮನ, ನೆನಪು ಪರೀಕ್ಷಿಸುವ ಈ ಮೇಡಂ.

ಅವರ ಕೋಣೆಯಲ್ಲಿ ಪರೀಕ್ಷೆ. ಮೇಡಂ ಅಂಕಿಗಳನ್ನು ಓದುತ್ತ ಹೋಗುವುದು, ಏಳು ಬಂದಾಗ ಮಾತ್ರ ಇವರು ಮೇಜು ತಟ್ಟುವುದು. ಒಂದೂ ತಪ್ಪಲಿಲ್ಲ. ನಾನು ಕೈ ಮುಗಿಯಲು ಎದ್ದೆ.

"ಕೂಡ್ರಿ ತಾಯಿ, ಗಡಿಬಿಡಿ ಮಾಡಬ್ಯಾಡ್ರಿ. ಇಲ್ಲಿ ಫ್ಯಾನ್ ಸೈತ ಆರಿಸೀನಿ. ನಿಮ್ಮ ಶೆಡ್ಡಿನ್ಯಾಗ ಹಿಂಗಿರತೈತೇನು?"

ಗಡಿಬಿಡಿ ಮಾಡಬ್ಯಾಡ್ರಿ ಎಂಬುದು ಅವರ ಯಾವತ್ತಿನ ಮಾತು. ಅಯ್ಯೋ, ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿರುವಾಗ ಇನ್ನೇನು ಮಾಡಲಿ! ಒಳಗೊಳಗೇ ಕುದಿದೆ.

ಆಮೇಲೆ ಅವರೇ ಬಸ್ಸು ಹತ್ತಿ ನಮ್ಮ ಶೆಡ್ಡಿಗೆ ಬಂದರು. ಕತ್ತಿಯ ಪ್ಲಗ್ಗನ್ನು ಕಿತ್ತು ತಮ್ಮ ಕೈಯಲ್ಲೇ ಹಿಡಿದುಕೊಂಡರು. ಅಲಗಿಗೆ ದಪ್ಪ ರಟ್ಟು ಸುತ್ತಿಸಿದರು. ಉಳಿದ ಮಷೀನುಗಳೆಲ್ಲ ಓಡುತ್ತಿರಲಿ ಎಂದರು. ಕತ್ತಿ ಓಡುತ್ತಿದೆ ಎಂಬಂತೆ ಇವರು ಗೆರೆಗುಂಟ ಬಟ್ಟೆ ತಳ್ಳತೊಡಗಿದರು. ಪಳಗಿದ ಕೈ, ಎಷ್ಟು ಚಂದ! ಆಗ ಮೇಡಂ ನನ್ನ ಕಿವಿಯಲ್ಲಿ, "ಮನಿಯಾಗ ಕರೆದಂಗ ಕರೀರಿ" ಎಂದರು.

"ಏನ್ರಿ, ಚಾ ತರ್ಲೇನು?"

ಇವರು ನನ್ನತ್ತ ತಿರುಗಿ ನಕ್ಕರು. ಮೊದಲಾದರೆ ಮಷೀನು ಆರಿಸದೆ ತಲೆ ಎತ್ತುತ್ತಿರಲಿಲ್ಲ. ಈಗ ನಗುತ್ತಲೇ ಇದ್ದರು, ಕೈ ತಳ್ಳುತ್ತಲೇ ಇತ್ತು. ಬೆರಳುಗಳು ಹೋಗಿ ರಟ್ಟಿಗೆ ತಾಗಿದವು. ನಾನು ಕಿರುಚಿದೆ. ಇವರು ತಮ್ಮ ಕೈ ತಾವೇ ನೋಡಿಕೊಂಡು, ಬಟ್ಟೆ ಬಿಟ್ಟು ಹಿಂದೆ ಸರಿದು ಕೂತರು.

ಮೇಡಂ ಸ್ಟೂಲು ಎಳೆದುಕೊಂಡು ಇವರ ಪಕ್ಕ ಕೂತರು. "ನಾ ಬಾಯಿಲೆ ಹೇಳಿದ್ರ ನೀವು ನಂಬ್ತಿರಲಿಲ್ಲ. ಕತ್ತಿ ಬ್ಯಾಡ್ರಿ, ಬ್ಯಾರೆ ಕೆಲಸ ನೋಡೋಣ." ಮಾಲೀಕರೊಡನೆ ತಾವೇ ಮಾತಾಡಿ, ಗದ್ದಲವಿಲ್ಲದ ಮೂಲೆಯಲ್ಲಿ ಪ್ಯಾಂಟು ಮಡಚುವ ಕೆಲಸ ಕೊಡಿಸಿದರು. ನಾನು ತಂದ ಚಾ ತಣ್ಣಗಾದ ಮೇಲೆಯೇ ಕುಡಿದರು, ಬಿಸಿ ಅವರಿಗಾಗದು.

ಇವತ್ತಿಗೂ ನಾನು ಇವರನ್ನು ಹಿಂದಿನಿಂದ ಕರೆಯುವುದಿಲ್ಲ. ಎದುರಿಗೆ ಬಂದು, ಕೈ ನಿಂತದ್ದನ್ನು ನೋಡಿ ಮಾತಾಡುತ್ತೇನೆ.

ಹೋದ ವರ್ಷ ಮೇಡಂ ತೀರಿಕೊಂಡರು. ಇಬ್ಬರೂ ಬಳ್ಳಾರಿಗೆ ಹೋದೆವು. ಇವರು ಹೂವಿಟ್ಟು ಕೈ ಮುಗಿದರು. ನಾನು ಆ ಮುಗಿದ ಕೈಗಳ ಹತ್ತೂ ಬೆರಳುಗಳನ್ನೇ ನೋಡುತ್ತ ಅತ್ತುಬಿಟ್ಟೆ.